ಮಾಂತೇಶನ ತಾಟು

ಬಯಲುಸೀಮೆಯ ಸಣ್ಣ ಊರೊಂದರಲ್ಲಿ, ಹಳ್ಳದ ದಂಡೆಯ ಮೇಲೆ, ಪೂಜ್ಯ ಗುರುನಿರಂಜನ ಸ್ವಾಮಿಗಳ ಮಠವಿತ್ತು. ಮಠವೆಂದರೆ ಒಂದು ಗದ್ದುಗೆ, ಒಂದು ಅಡುಗೆಮನೆ, ಕಾಲೇಜು ಹುಡುಗರಿಗಾಗಿ ತಗಡಿನ ಸೂರಿನ ಪ್ರಸಾದ ನಿಲಯ, ಅಷ್ಟೇ. ಕುಡಿತಕ್ಕೋ ಗಾಂಜಾಕ್ಕೋ ಬಿದ್ದು ಬೇರೆ ಹಾಸ್ಟೆಲುಗಳಿಂದ ಹೊರಬಿದ್ದ ವಿದ್ಯಾರ್ಥಿಗಳಿಗೆ ಶ್ರೀಗಳು ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡಿಸಿ, ಮಠದಲ್ಲಿಟ್ಟುಕೊಂಡು ಮತ್ತೆ ಓದಿಗೆ ಹಚ್ಚುತ್ತಿದ್ದರು. ಸಂಜೆ ಕಾಲೇಜಿನಿಂದ ಬಂದ ಆ ಹುಡುಗರು ಶ್ರೀಗಳ ಮುಂದೆ ನಿಂತು ‘ಇವತ್ತು ಮುಟ್ಟಿಲ್ರೀ’ ಎಂದೋ, ಕುಡಿದಿದ್ದರೆ ‘ಮುಟ್ಟೇನ್ರಿ’ ಎಂದೋ ನಿಜ ಹೇಳಬೇಕು. ಏನೇ ಹೇಳಿದರೂ ಶ್ರೀಗಳು ಮರುಪ್ರಶ್ನೆ ಹಾಕದೆ ಪಂಕ್ತಿಯ ಕಡೆಗೆ ಕೈ ತೋರುತ್ತಿದ್ದರು. ಕೊನೆಯ ಹುಡುಗ ಉಂಡೇಳುವವರೆಗೆ ತಾವು ಪ್ರಸಾದ ಸ್ವೀಕರಿಸುತ್ತಿರಲಿಲ್ಲ.

ಊರಿನ ಬುದ್ಧಿವಂತರಿಗೆ ಇದು ಹಿಡಿಸಲಿಲ್ಲ. ಕುಡಿದು ಬಂದವನಿಗೂ ಊಟ ಹಾಕಿದರೆ ಅವನಾದರೂ ಯಾಕೆ ಬಿಟ್ಟಾನು ಎಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಡುತ್ತಿದ್ದರು. ತೀರ್ಪು ಕೊಡಲು ಮೈ ಬಗ್ಗಿಸಬೇಕಾಗಿಲ್ಲವಲ್ಲ.

ಒಂದು ಸಂಜೆ ಶಾವಂತ್ರವ್ವ ಎಂಬ ತಾಯಿ ಮಠಕ್ಕೆ ಬಂದಳು. ಆಕೆಯ ಒಬ್ಬನೇ ಮಗ ಮಾಂತೇಶ ಇಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದ. ಕುಡಿತ ಬಿಟ್ಟಿದ್ದ, ಬಿದ್ದಿದ್ದ, ಮತ್ತೆ ಬಿಟ್ಟಿದ್ದ. ಕಡೆಯ ಸಲ ಬಿದ್ದಾಗ ನಾಚಿಕೆಗೆ ಮಠಕ್ಕೇ ಬರಲಿಲ್ಲ. ಬೆಳಗಾದಾಗ ಬಸ್ ನಿಲ್ದಾಣದ ಹಿಂದೆ ಹೆಣವಾಗಿ ಸಿಕ್ಕಿದ. ತಿಂಗಳು ಕಳೆದ ಮೇಲೆ ಆಕೆ ಅವನ ಟ್ರಂಕು ಒಯ್ಯಲು ಬಂದಿದ್ದಳು. ಟ್ರಂಕಿನ ಮೇಲೆ ಅವನು ಉಣ್ಣುತ್ತಿದ್ದ ಸ್ಟೀಲಿನ ತಾಟಿತ್ತು. ಕಾಲೇಜಿಗೆ ಹಚ್ಚುವಾಗ ಪಾತ್ರೆ ಅಂಗಡಿಯಲ್ಲಿ ತಾನೇ ನಿಂತು ಅಂಚಿಗೆ ಅವನ ಹೆಸರು ಕೊರೆಸಿದ್ದಳು. ಅದನ್ನು ಕಂಡದ್ದೇ ತಡ, ತಿಂಗಳಿಂದ ತಡೆದಿಟ್ಟದ್ದು ಒಡೆದು ಬಂತು.

“ನಿಮ್ಮ ಕರುಣಾನ ನನ್ನ ಮಗನ್ನ ಕೊಂದಿತ್ರಿ ಅಪ್ಪಾರ,” ಎಂದಳು. “ಬಿದ್ದಾಗೆಲ್ಲಾ ಉಣ್ಣಾಕ ಹಾಕಿದ್ರಿ. ಒಮ್ಮೆರ ಹೊರಗ ಹಾಕಿದ್ರ ಬುದ್ಧಿ ಬರ್ತಿತ್ತು.”

ಶ್ರೀಗಳ ಕಣ್ಣು ತುಂಬಿದವು. “ಇರಬಹುದು ತಾಯಿ. ನಮಗ ಗೊತ್ತಿಲ್ಲ,” ಎಂದರು. “ಅವತ್ತು ದಾರಿ ಕಾಯ್ಕೋತ ಕೂತ್ವಿ. ಹುಡುಕಾಕ ಹೋಗಬೇಕಿತ್ತು.”

ಶ್ರೀಗಳು ವಾದಕ್ಕೆ ನಿಂತಿದ್ದರೆ ಆಕೆಗೆ ಹಗುರಾಗುತ್ತಿತ್ತು. ಈಗ ಆಡಿದ ಮಾತು ತನಗೇ ಬಂದು ತಗುಲಿತು. ಹಬ್ಬಕ್ಕೆ ಬರಲೇನವ್ವಾ ಎಂದು ಮಗ ಫೋನು ಮಾಡಿದ್ದಾಗ, ‘ಕುಡದೀ ಏನು? ಕುಡದಿದ್ರ ನನ್ನ ಹೊಸ್ತಿಲಾ ತುಳೀಬ್ಯಾಡ’ ಎಂದವಳು ತಾನೇ. ಹೊರಗೆ ಹಾಕಿದ್ದೂ ಆಗಿತ್ತು. ಬುದ್ಧಿಯೂ ಬರಲಿಲ್ಲ, ಮಗನೂ ಬರಲಿಲ್ಲ. ಯಾರ ಮುಂದೆಯೂ ಆಡದ ಈ ಮಾತನ್ನು ಶ್ರೀಗಳ ಪಾದದ ಬಳಿ ಕುಸಿದು ಆಡಿದಳು. ಶ್ರೀಗಳು ಆಕೆಯ ಅಳು ನಿಲ್ಲುವವರೆಗೆ ಜೊತೆಗೆ ಕೂತರು.

ಅಷ್ಟರಲ್ಲಿ ಬಾಗಿಲಲ್ಲಿ ಹುಡುಗನೊಬ್ಬ ಬಂದು ನಿಂತ. ಮಾಂತೇಶನ ಕೋಣೆಯಲ್ಲೇ ಇದ್ದ ನಿಜಗುಣ. ಗೆಳೆಯ ಸತ್ತ ಮೇಲೆ ಮಠ ಬಿಟ್ಟು ಹೋಗಿದ್ದ. ಕಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ.

“ಮುಟ್ಟೇನ್ರಿ ಅಪ್ಪಾರ.”

ಶ್ರೀಗಳು ಪಂಕ್ತಿಯ ಕಡೆಗೆ ಕೈ ತೋರಿದರು.

“ತಾಟಿಲ್ರಿ. ಅದನ್ನೂ ಮಾರೇನಿ,” ಎಂದ ಹುಡುಗ ತಲೆ ಎತ್ತದೆ ಬೀದಿಯ ಕಡೆ ತಿರುಗಿದ.

ಈ ಸಲ ಶ್ರೀಗಳು ಕೂರಲಿಲ್ಲ. ಮಂಡಿನೋವಿನ ಮುಪ್ಪಿನ ದೇಹವನ್ನು ಎತ್ತಿಕೊಂಡು ಅವನ ಹಿಂದೆ ಹೊರಟರು. ಆದರೆ ಶಾವಂತ್ರವ್ವ ಅವರಿಗಿಂತ ಮೊದಲು ಬಾಗಿಲು ಮುಟ್ಟಿ ಹುಡುಗನ ರಟ್ಟೆ ಹಿಡಿದಿದ್ದಳು. ಅದೇ ವಾಸನೆ ಮೂಗಿಗೆ ಬಡಿಯಿತು. ನಾಲಿಗೆಯ ತುದಿಗೆ ಹಳೆಯ ಪ್ರಶ್ನೆಯೇ ಬಂದಿತ್ತು. ಅದನ್ನು ನುಂಗಿಕೊಂಡಳು.

“ಉಂಡೀ ಏನಪ್ಪಾ?”

ಹುಡುಗ ನಿಂತಲ್ಲೇ ಅಳತೊಡಗಿದ. ಆಕೆ ಒಳಗೆ ಕರೆತಂದು ಕೂರಿಸಿ, ಮಗನ ತಾಟಿನಲ್ಲಿ ರೊಟ್ಟಿ, ಬ್ಯಾಳಿ ಸಾರು ಬಡಿಸಿದಳು. ಅಂಚಿನ ಹೆಸರು ಕಂಡು ಅವನ ಕೈ ತಡೆಯಿತು. “ಉಣ್ಣಪ್ಪಾ,” ಎಂದಳು.

ಅವನು ಉಣ್ಣುತ್ತಿರುವಾಗ, ಶ್ರೀಗಳ ಪ್ರಸಾದಕ್ಕೆ ಏನು ತೆಗೆದಿರಿಸಬೇಕೆಂದು ಅಡುಗೆಯ ಮುದುಕಿಯನ್ನು ಕೇಳಿದಳು.

“ಅವರು ತಿಂಗಳಾತು ಸಂಜಿಕ ಉಣ್ಣವಲ್ರವ್ವಾ,” ಎಂದಿತು ಮುದುಕಿ. “ಕೇಳಿದ್ರ, ಮಾಂತೇಶ ಇನ್ನೂ ಉಂಡಿಲ್ಲ ಅಂತಾರ.”

ಶಾವಂತ್ರವ್ವ ಹುಡುಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಹುಡುಗ ಉಂಡೆದ್ದ ಮೇಲೆ ತಾಟನ್ನು ತಾನೇ ತೊಳೆದು, ಸೆರಗಿನಿಂದ ಒರೆಸಿ, ಶ್ರೀಗಳ ಮುಂದೆ ಇಟ್ಟಳು.

“ಅಪ್ಪಾರ, ಮಾಂತೇಶನ ತಾಟಿನ್ಯಾಗ ಊಟ ಆತ್ರಿ. ಇನ್ನ ನೀವು ಪ್ರಸಾದ ತಗೋರಿ.”

ಶ್ರೀಗಳು ತಾಟನ್ನು ಕಣ್ಣಿಗೊತ್ತಿಕೊಂಡು ಪ್ರಸಾದಕ್ಕೆ ಕೂತರು.

ಆ ತಾಯಿ ಊರಿಗೆ ಟ್ರಂಕನ್ನಷ್ಟೇ ಒಯ್ದಳು. ಕೆಲವು ದಿನಗಳಲ್ಲಿ ಅದನ್ನೂ ಹೊತ್ತು ಮಠಕ್ಕೇ ಬಂದು ಅಡುಗೆಮನೆ ಸೇರಿದಳು. ನಿಜಗುಣ ಆಮೇಲೂ ಬಿದ್ದ, ಎದ್ದ. ಬಿದ್ದವರೆಲ್ಲ ಏಳಲಿಲ್ಲ. ಆದರೆ ಸಂಜೆಯಾದರೆ ಶ್ರೀಗಳ ಜೊತೆ ಬಾಗಿಲಲ್ಲಿ ಕೂತು, ಬಂದ ಪ್ರತಿ ಹುಡುಗನನ್ನೂ ಆಕೆ ಮೊದಲು ಕೇಳುತ್ತಿದ್ದದ್ದು, “ಉಂಡೀ ಏನಪ್ಪಾ?”