ಸುತ್ತಿ ಮಲಗಿದ ಚೋರಟೆ

ಕೂಲಿಮಠದಲ್ಲಿ ನನಗೆ ಅಕ್ಷರ ತಿದ್ದಿಸಿದ ಮರಿಬಸಯ್ಯನವರು ಮೊದಲು ಹೇಳಿದ ಕಥೆ ಇದು. ಶಿವನ ದಯೆಯಿಂದ ಇನ್ನೂ ನೆನಪಿದೆ.

ಚೋರಟೆಯೆಂಬ ಸಾವಿರ ಕಾಲಿನ ಹುಳವೊಂದು ಇರುವೆಗೂಡಿನ ಬಾಯಿಯ ಮೇಲೆ ಚಕ್ಕುಲಿಯಂತೆ ಸುತ್ತಿ ಮಲಗಿತು. ಮೇವಿಗೆ ಹೋಗಿದ್ದ ಇರುವೆ ಹಿಂದಿರುಗಿ ನೋಡಿದರೆ ಬಾಗಿಲೇ ಇಲ್ಲ. ಒಳಗೆ ಮರಿಗಳೊಂದಿಗೆ ಸಿಕ್ಕಿಬಿದ್ದ ತಂಗಿಯರು ಮಣ್ಣು ಕೆರೆಯುವ ಸದ್ದು ಕೇಳುತ್ತಿತ್ತು.

ಅವಳು ಹೊತ್ತು ತಂದ ರಾಗಿಕಾಳನ್ನು ಕೆಳಗಿಟ್ಟು, ಹತ್ತಿರದ ಕಾಲಿಗೆ ಕೈಮುಗಿದಳು. "ಅಪ್ಪಾ, ಸ್ವಲ್ಪ ಸರಿಯಿರಿ. ಒಳಗೆ ಮಕ್ಕಳಿಗೆ ಗಾಳಿಯಿಲ್ಲ."

"ಕೇಳಿ ಬಹಳ ವ್ಯಥೆಯಾಯಿತು, ತಾಯಿ," ಎಂದಿತು ಕಾಲು. "ಆದರೆ ಮುಂದಿನ ಕಾಲು ಎತ್ತದೆ ನಾನು ಎತ್ತುವಂತಿಲ್ಲ. ಅವರನ್ನು ವಿಚಾರಿಸಿ."

ಮುಂದಿನದೂ ಅಷ್ಟೇ ವಿನಯದಿಂದ ಅದನ್ನೇ ಹೇಳಿತು.

"ಹಾಗಾದರೆ ನಿಮ್ಮ ತಲೆ ಎಲ್ಲಿದೆ?"

"ಮುಂದೆಲ್ಲೋ ಇರಬೇಕು. ನಾವ್ಯಾರೂ ನೋಡಿಲ್ಲ."

ಅವಳು ತಲೆಯನ್ನು ಹುಡುಕುತ್ತಾ ಹೊರಟಳು. ಕಾಲು ಕಾಲಿಗೂ ಕೈಮುಗಿಯುತ್ತಾ ಬಹಳ ದೂರ ನಡೆದ ಮೇಲೆ, ನೆಲದಲ್ಲಿ ಇರುವೆಯೊಂದು ನಡೆದುಹೋದ ವಾಸನೆ ಸಿಕ್ಕಿತು. 'ಸದ್ಯ, ನನಗಿಂತ ಮೊದಲೇ ಯಾರೋ ಇತ್ತ ಹೋಗಿ ತಲೆಯನ್ನು ಕಂಡಿದ್ದಾರೆ' ಎಂದುಕೊಂಡು, ನೆಲಕ್ಕೆ ಮೂಗು ತಾಗಿಸಿ ಓಡಿದಳು. ವಾಸನೆ ಗಾಢವಾಗುತ್ತಾ ಹೋಯಿತು. ಒಳಗಿನ ಸದ್ದು ಸಣ್ಣದಾಗುತ್ತಾ ಬಂತು.

ಕೊನೆಗೆ ಏನನ್ನೋ ಎಡವಿ ಬಿದ್ದಳು. ನೋಡಿದರೆ, ತಾನೇ ಇಳಿಸಿಟ್ಟಿದ್ದ ರಾಗಿಕಾಳು. ಸುತ್ತಿದಲ್ಲೇ ಸುತ್ತುತ್ತಾ ಅಷ್ಟು ಹೊತ್ತು ನಂಬಿ ನಡೆದ ವಾಸನೆ ಅವಳದೇ ಆಗಿತ್ತು.

"ಕೇಳಿ ಬಹಳ ವ್ಯಥೆಯಾಯಿತು, ತಾಯಿ," ಎಂದಿತು ಮೊದಲ ಕಾಲು. "ಮುಂದಿನವರನ್ನು ವಿಚಾರಿಸಿ."

ಅವಳು ನೆಲಕ್ಕೆ ಕಿವಿಗೊಟ್ಟಳು. ಒಳಗೆ ಯಾರೂ ಮಣ್ಣು ಕೆರೆಯುತ್ತಿರಲಿಲ್ಲ.

ಮುಚ್ಚಿದ ಬಾಗಿಲ ಮುಂದೆ ಕೈಮುಗಿದು ನಿಂತವರು ಕಂಡರೆ, ಅವರಿಗೂ ಈ ಕಥೆ ಹೇಳಿ. ಒಳಗಿನ ಸದ್ದು ಇನ್ನೂ ಕೇಳುತ್ತಿರುವಾಗಲೇ ಹೇಳಿ.