ಇಬ್ಬರಿಗೂ ಜೋರು ಮೈಕು

ಪುರಸಭೆ ಚುನಾವಣೆ ಬಂತು. ಇಬ್ಬರು ಅಭ್ಯರ್ಥಿಗಳನ್ನೂ ಎದುರು ಕೂರಿಸಿ ಪ್ರಶ್ನೆ ಕೇಳೋಣವೆಂದು ವಾರ್ಡಿನ ಜನ ಸಮುದಾಯ ಭವನದಲ್ಲಿ ಸಭೆ ಕರೆದರು.

ಮೈಕಿನವನು ತಂತಿ ಎಳೆಯುತ್ತಿದ್ದಾಗ ಅಭ್ಯರ್ಥಿ ತಿಪ್ಪೇಸ್ವಾಮಿ ಬಂದ. "ಆ ಓಬಳೇಶನಿಗಿಂತ ನನ್ನ ದನಿ ಜೋರಾಗಿರಬೇಕು. ಇಲ್ಲದಿದ್ದರೆ, ಗೆದ್ದಮೇಲೆ ಈ ಊರಲ್ಲಿ ನೀನು ಮೈಕು ಕಟ್ಟೋ ಹಾಗಿಲ್ಲ."

ಅವನು ಅತ್ತ ಹೋದ, ಓಬಳೇಶ ಇತ್ತ ಬಂದ. ಅದೇ ಹೊಟ್ಟೆಯುರಿ, ಅದೇ ಬೆದರಿಕೆ.

ಒಬ್ಬನದು ಜೋರು ಮಾಡಿ ಇನ್ನೊಬ್ಬ ಗೆದ್ದರೆ ತನ್ನ ಅನ್ನ ಹೋಯಿತು. ಮೈಕಿನವನು ಒಂದು ಬೀಡಿ ಸೇದಿದ. ಆಮೇಲೆ ವೇದಿಕೆಯಲ್ಲಿ ಇಬ್ಬರ ಕಾಲಬುಡದಲ್ಲೂ ಒಂದೊಂದು ಸ್ಪೀಕರು ಇಟ್ಟು, ಅವರವರ ಮೈಕನ್ನು ಅದಕ್ಕಷ್ಟೇ ಜೋಡಿಸಿ, ಅವರವರ ಮುಖಕ್ಕೇ ತಿರುಗಿಸಿದ. ಭವನದ ದೊಡ್ಡ ಸ್ಪೀಕರುಗಳನ್ನೆಲ್ಲ ಪ್ರಶ್ನೆ ಕೇಳಲು ಕೆಳಗಿಟ್ಟಿದ್ದ ಜನರ ಮೈಕಿಗೆ ಕೊಟ್ಟ.

ಇಬ್ಬರೂ ಭಾಷಣ ಮಾಡಿದರು. ತಮ್ಮ ದನಿ ತಮಗೇ ಗುಡುಗಿನಂತೆ ಕೇಳಿತು. ಒಬ್ಬರನ್ನೊಬ್ಬರು ನೋಡಿ ಮೀಸೆಯಲ್ಲೇ ನಕ್ಕರು.

ದುರುಗಮ್ಮ ಎದ್ದು ಜನರ ಮೈಕು ಹಿಡಿದಳು. "ನಮ್ಮ ಬೀದಿ ಚರಂಡಿ ಯಾವಾಗ ಸ್ವಾಮಿ?" ಭವನವೇ ನಡುಗಿತು. ಇವರ ಉತ್ತರ ಎರಡನೇ ಸಾಲಿಗೂ ಮುಟ್ಟಲಿಲ್ಲ.

"ಕೆಳಗಿಳಿದು ಬಂದು ಹೇಳ್ರಪ್ಪ" ಎಂದರು ಜನ. ಇಬ್ಬರೂ ಇಳಿದು, ಬೆಂಚಿನಿಂದ ಬೆಂಚಿಗೆ ಹೋಗಿ ಉತ್ತರ ಹೇಳಿ ಬೆವೆತರು.

ಕೊನೆಗೆ ಇಬ್ಬರೂ ಮೈಕಿನವನ ಮೇಲೆ ಹರಿಹಾಯ್ದರು. "ಜನಕ್ಕೆ ಒಂದು ಮಾತೂ ಕೇಳಲಿಲ್ಲವಲ್ಲೋ."

ಅವನು ಜನರ ಮೈಕನ್ನೇ ಬಾಯಿಗೆ ಹಿಡಿದ. "ಅವನಿಗಿಂತ ನನ್ನದು ಜೋರಿರಲಿ ಅಂತ ಇಬ್ಬರೂ ಹೇಳಿದಿರಿ. ಜನಕ್ಕೆ ಕೇಳಿಸಲಿ ಅಂತ ಒಬ್ಬರೂ ಹೇಳಲಿಲ್ಲ."