ಕಪ್ಪು ತಾಯಿಯ ಮರಿಗಳು

“ಅಪ್ಪನ ಸಿಟ್ಟು ಮಗನಿಗೆ ಬಂದೇ ತೀರುತ್ತದೆಯೇ, ಬುದ್ಧಿ?” ಎಂದು ವೀರಭದ್ರ ಮಠದ ಗುರುಗಳನ್ನು ಕೇಳಿದ.

ಅವನು ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಅವನ ಅಪ್ಪ ಸಾಯುವವರೆಗೂ ಉಣ್ಣುವ ತಟ್ಟೆಯನ್ನು ಹೆಂಡತಿಯ ಮೇಲೆ ಎಸೆಯುತ್ತಿದ್ದವನು. ಮೊನ್ನೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ವೀರಭದ್ರನೂ ತಾಯಿಯ ಮುಂದೆ ತಟ್ಟೆ ಎತ್ತಿದ. ಎತ್ತಿ, ಕೆಳಗಿಟ್ಟು, ಎದ್ದು ಹೋದ. ಅಂದಿನಿಂದ ಅನ್ನ ಸೇರುತ್ತಿಲ್ಲ. ಬರುವ ತಿಂಗಳು ಮದುವೆ. ನೂಲಿನಂತೆ ಸೀರೆ, ಅಪ್ಪನಂತೆ ನಾನು; ಈ ಮದುವೆ ಬೇಡವೆಂದು ಹೆಣ್ಣಿನ ಮನೆಗೆ ಹೇಳಿಕಳಿಸುತ್ತೇನೆ ಎಂದ.

ಗುರುಗಳು ಮಠಕ್ಕೆ ಬರುವ ಮೊದಲು ಇಲಿಗಳ ರೋಗ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದವರು. ಅವರು ಕತೆ ಹೇಳಿದರು.

ಒಬ್ಬ ವಿಜ್ಞಾನಿ ಇದ್ದ. ಅವನ ಬಳಿ ಬಿಳಿ ಇಲಿಗಳ ಒಂದು ವಂಶವಿತ್ತು. ವರ್ಷ ತುಂಬುವುದರೊಳಗೆ ಅವು ರಕ್ತದ ಕ್ಯಾನ್ಸರಿನಿಂದ ಸಾಯುತ್ತಿದ್ದವು. ಕಾರಣ ಒಂದು ವೈರಸ್ಸು. ಅದು ಹೊರಗಿನಿಂದ ಅಂಟಿದ್ದಲ್ಲ, ಬೀಜವಾಗಿ ವಂಶದಲ್ಲೇ ಇಳಿದು ಬಂದದ್ದು. ಮರಿ ಬೆಳೆದಂತೆ ಅದೂ ಮೈತುಂಬ ಹೆಚ್ಚುತ್ತಿತ್ತು.

ವಿಜ್ಞಾನಿ ಬಿಳಿ ಗಂಡೊಂದನ್ನು ಆ ರೋಗ ಬಾರದ ವಂಶದ ಕಪ್ಪು ಹೆಣ್ಣಿನೊಡನೆ ಕೂಡಿಸಿದ. ಎಂಟು ಮರಿಗಳಾದವು. ಎಂಟರಲ್ಲೂ ಅಪ್ಪನ ಬೀಜ ಕಂಡಿತು. ಅವನ ನೆಮ್ಮದಿ ಹಾರಿಹೋಯಿತು. ದಿನಕ್ಕೆ ನಾಲ್ಕು ಸಲ ಮರಿಗಳ ಕತ್ತು ಸವರಿ ರೋಗದ ಗಂಟು ಹುಡುಕಿದ. ಗಂಟಿರಲಿಲ್ಲ. ಓದಿದವನ ಅಂಜಿಕೆ ಅಷ್ಟಕ್ಕೆಲ್ಲ ಇಳಿಯುವುದಿಲ್ಲ. ಇಂದಲ್ಲ ನಾಳೆ ಬಂದೇ ಬರುತ್ತದೆ ಎಂದು ಒಂದೊಂದನ್ನೇ ಕೊಲ್ಲುತ್ತ ಹೋದ.

ಪಂಜರ ತೊಳೆಯುವ ಹೆಂಗಸು ತಡೆಯಲಾರದೆ ಕೇಳಿದಳು, “ಚೆನ್ನಾಗಿ ತಿಂದ್ಕೊಂಡಿರೋ ಮರೀನ ಯಾಕೆ ಸಾಯಿಸ್ತೀರಿ ಸ್ವಾಮಿ?”

“ಬೀಜ ಇದೆಯಲ್ಲ,” ಎಂದ ವಿಜ್ಞಾನಿ.

ಕೊನೆಯ ಎರಡನ್ನು ಅವಳು ಕಾಡಿ ಬೇಡಿ ಉಳಿಸಿಕೊಂಡಳು. ಅವಕ್ಕೆ ರೋಗ ಬರಲೇ ಇಲ್ಲ, ಮುಪ್ಪಾಗಿ ಸತ್ತವು. ವಿಜ್ಞಾನಿ ಮತ್ತೆ ಪರೀಕ್ಷಿಸಿದ. ಅಪ್ಪನ ಬೀಜ ಇದ್ದಲ್ಲೇ ಇತ್ತು, ವೈರಸ್ಸು ಮಾತ್ರ ಹೆಚ್ಚಿರಲಿಲ್ಲ. ಅದನ್ನು ಹೆಚ್ಚಲು ಬಿಡದ ಇನ್ನೊಂದು ಬೀಜವನ್ನು ಕಪ್ಪು ತಾಯಿ ಕೊಟ್ಟಿದ್ದಳು. ಅವನು ಅದನ್ನು ಹುಡುಕಿಯೇ ಇರಲಿಲ್ಲ. ಕೊಂದ ಆರು ಮರಿಗಳನ್ನು ನೆನೆದು ಅವನು ಬಹಳ ದಿನ ಸಂಕಟಪಟ್ಟ.

ಕತೆ ಮುಗಿಯಿತು. ವೀರಭದ್ರನಿಗೆ ಇನ್ನೂ ಸಮಾಧಾನವಿಲ್ಲ. ಹೆಗಲ ಮೇಲಿನ ಟವೆಲನ್ನು ಹಿಂಡುತ್ತ ಎದ್ದು ನಿಂತ.

“ಇಲಿಯ ಮಾತು ಇರಲಿ ಬುದ್ಧಿ. ತಟ್ಟೆ ಎತ್ತಿದ ಕೈ ನಮ್ಮಪ್ಪನದೇ.”

ಗುರುಗಳು ಕೇಳಿದರು, “ಕೆಳಗಿಟ್ಟ ಕೈ ಯಾರದು?”